ಅರ್ಧ ಗಂಟೆ ಕಾಯಿಸಿ

ಮೇಸ್ತ್ರಿಯ ಮೇಲೆ ನನಗೆ ಅನುಮಾನ ಹುಟ್ಟಿದ್ದು ಬ್ಯಾಟರಿಗಳು ಬಿಸಿಯಾಗಿದ್ದ ಕಾರಣಕ್ಕೆ. ಮಧ್ಯಾಹ್ನ ಒಂದೂವರೆಯ ಹೊತ್ತಿಗೆ, ಗಿರಾಕಿಗಳು ಇಲ್ಲದ ಸಮಯ ನೋಡಿ, ಅವರು ನಾಲ್ಕೈದು ಬ್ಯಾಟರಿಗಳನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಯ ಹಿಂಬಾಗಿಲಿನಿಂದ ಹೊರಟುಬಿಡುತ್ತಿದ್ದರು. ಎರಡು ಗಂಟೆ ದಾಟಿದ ಮೇಲೆ, ಅಂಗಿಯ ಬೆನ್ನೆಲ್ಲ ತೊಯ್ದು, ಅದೇ ಚೀಲದೊಂದಿಗೆ ಮರಳುತ್ತಿದ್ದರು. ಒಂದು ದಿನ ಅವರು ಕೈ ತೊಳೆಯಲು ಹೋದಾಗ ನಾನು ಚೀಲದೊಳಗೆ ಕೈಯಿಟ್ಟು ನೋಡಿದೆ. ಪ್ರತಿಯೊಂದು ಬ್ಯಾಟರಿಯೂ ಒಲೆಯ ಮೇಲಿಂದ ಆಗತಾನೇ ಇಳಿಸಿದ ಪಾತ್ರೆಯ ಹಾಗಿತ್ತು. ಬಳಸದೆ ಇಟ್ಟ ಬ್ಯಾಟರಿ ತಾನಾಗಿ ಬಿಸಿಯಾಗುವುದಿಲ್ಲ. ಇವರು ಅವನ್ನು ಬಿಚ್ಚಿದ್ದಾರೆ, ಒಳಗಿನ ಒಳ್ಳೆಯ ಸೆಲ್ಲುಗಳನ್ನು ತೆಗೆದು ಹಳೆಯವನ್ನು ಬೆಸುಗೆ ಹಾಕಿ ಕೂರಿಸಿದ್ದಾರೆ, ಆ ಬೆಸುಗೆಯ ಬಿಸಿ ಇನ್ನೂ ಹೋಗಿಲ್ಲ. ಇದು ನನ್ನ ತೀರ್ಮಾನವಾಗಿತ್ತು. ಕರ್ತೃ, ಕರ್ಮ, ಕ್ರಿಯಾಪದ ಮೂರೂ ಸಿಕ್ಕಿದ ಮೇಲೆ ವಾಕ್ಯ ಪೂರ್ಣವಾಯಿತೆಂದು ನಂಬುವುದು ನನ್ನ ಹಳೆಯ ಅಭ್ಯಾಸ.

ಇಪ್ಪತ್ತೆರಡು ವರ್ಷ ನಾನು ತರೀಕೆರೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವಳು. ಮಕ್ಕಳು ಬರೆದ 'ನಂತರ'ಗಳ ಹಿಂದೆಲ್ಲ ಕೆಂಪು ಶಾಯಿಯಿಂದ 'ಅ' ಸೇರಿಸಿ 'ಅನಂತರ' ಮಾಡುತ್ತಲೇ ನನ್ನ ಪ್ರಾಯ ಕಳೆಯಿತು. ಕೊನೆಯ ವರ್ಷ ಹತ್ತನೆಯ ತರಗತಿಯಲ್ಲಿ ಹನ್ನೊಂದು ಮಕ್ಕಳಿದ್ದರು. ಅವರು ಹೋದ ಮೇಲೆ ಶಾಲೆಯನ್ನು ಮುಚ್ಚಿದರು. ನಾನು ಕಡೂರಿಗೆ, ತಮ್ಮನ ಮನೆಗೆ ಸಮೀಪದಲ್ಲೊಂದು ಮನೆ ಮಾಡಿಕೊಂಡು ಬಂದೆ. ತಮ್ಮನದು ಸ್ಟೇಷನ್ ರಸ್ತೆಯಲ್ಲಿ ಮಷಿನ್ನುಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಗೋಡೆ ಕೊರೆಯುವ ಡ್ರಿಲ್ಲು, ಕೊಂಬೆ ಕತ್ತರಿಸುವ ಗರಗಸ, ಕಬ್ಬಿಣ ಕೊಯ್ಯುವ ಕಟರು, ಔಷಧಿ ಸಿಂಪಡಿಸುವ ಪಂಪು. ಈಗ ಎಲ್ಲವೂ ವೈರಿಲ್ಲದವು, ಲಿಥಿಯಂ ಬ್ಯಾಟರಿಯಿಂದ ನಡೆಯುವಂಥವು. ಕರೆಂಟಿಲ್ಲದ ತೋಟಕ್ಕೂ ಒಯ್ಯಬಹುದು.

"ಮನೇಲಿ ಕೂತು ಪೇಪರ್‌ನಾಗೆ ತಪ್ಪು ಹುಡ್ಕೋ ಬದ್ಲು ಅಂಗ್ಡೀಲಿ ಕೂತ್ಕೋ ಬಾರಕ್ಕ" ಎಂದ ತಮ್ಮ.

ಮೊದಲ ದಿನವೇ ಅಂಗಡಿಯ ಬೋರ್ಡಿನಲ್ಲಿ ತಪ್ಪು ಸಿಕ್ಕಿತು. 'ಮಷಿನ್ನುಗಳು ಬಾಡಿಗೆಗೆ ದೊರೆಯುತ್ತದೆ' ಎಂದಿತ್ತು. ಪೇಂಟರನ್ನು ಕರೆಸಿ 'ದೆ' ಅಳಿಸಿ 'ವೆ' ಬರೆಸಿದೆ.

"'ದೆ' ಇದ್ದಾಗ್ಲೂ ಜನ ಬರ್ತಿದ್ರು ಕಣಕ್ಕ" ಎಂದ ತಮ್ಮ.

"ಬರುತ್ತಿದ್ದರು. ನಾನು ಬರಲು ನಾಚಿಕೆಪಡುತ್ತಿದ್ದೆ" ಎಂದೆ.

ಬೋರ್ಡಿಗಿಂತ ದೊಡ್ಡ ತಪ್ಪು ಒಳಗಿತ್ತು. ಚಾರ್ಜರುಗಳನ್ನು ಥಿನ್ನರ್ ಡಬ್ಬಗಳ ಪಕ್ಕದ ಪ್ಲೈವುಡ್ ಹಲಗೆಯ ಮೇಲೆ ಇಟ್ಟಿದ್ದರು. ತೋಟದಿಂದ ಸುಡುಸುಡು ಬಂದ ಬ್ಯಾಟರಿಯನ್ನು ಹಾಗೆಯೇ ಚಾರ್ಜಿಗೆ ತುರುಕುತ್ತಿದ್ದರು. ಮೊಳೆ, ನಟ್ಟುಗಳಿದ್ದ ಡಬ್ಬದಲ್ಲೇ ಬ್ಯಾಟರಿಯೂ ಉರುಳಾಡುತ್ತಿತ್ತು. ಕಂಪನಿಯ ಪುಸ್ತಿಕೆಯಲ್ಲಿ ಹನ್ನೆರಡು ಭಾಷೆಗಳಿದ್ದವು, ಕನ್ನಡವಿರಲಿಲ್ಲ. ಇಂಗ್ಲಿಷ್ ಪುಟವನ್ನು ಎರಡು ಸಲ ಓದಿ, ನಾಲ್ಕು ದಿನ ತಿದ್ದಿ, ಏಳು ವಾಕ್ಯಗಳ ಒಂದು ಸೂಚನಾಫಲಕವನ್ನು ದುಂಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಬ್ಯಾಟರಿಗೆ ಅದರದೇ ಚಾರ್ಜರು, ಬಿದ್ದ ಅಥವಾ ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಕೂಡದು, ಲೋಹದ ವಸ್ತುಗಳೊಡನೆ ಇಡಕೂಡದು, ಬ್ಯಾಟರಿಗಳಿರುವೆಡೆಯಲ್ಲೆಲ್ಲ ಒಂದು ಬಕೆಟ್ ಮರಳು ಇರತಕ್ಕದ್ದು, ಇತ್ಯಾದಿ. ಅದರ ಎರಡನೆಯ ಮತ್ತು ಮೂರನೆಯ ವಾಕ್ಯಗಳನ್ನು ಇಲ್ಲಿ ಪೂರ್ತಿಯಾಗಿ ಕೊಡಬೇಕು.

'ಕೆಲಸದಿಂದ ಬಂದ ಬ್ಯಾಟರಿಯನ್ನು ಕೂಡಲೇ ಚಾರ್ಜಿಗೆ ಹಾಕಕೂಡದು; ಅರ್ಧ ಗಂಟೆ ಕಾಯಿಸಿ, ಅನಂತರ ಹಾಕಿ. ಚಾರ್ಜರಿನ ಕೆಂಪು ದೀಪ ಮಿನುಗಿದರೆ ಬ್ಯಾಟರಿಯನ್ನು ಹೊರತೆಗೆದು ಇನ್ನಷ್ಟು ಕಾಯಿಸಿ.'

ಮೊದಲು 'ಕಾಯಿರಿ' ಎಂದು ಬರೆದಿದ್ದೆ. ಆಮೇಲೆ ಯೋಚಿಸಿದಾಗ ಅದು ಸರಿಕಾಣಲಿಲ್ಲ. ಕಾಯಬೇಕಾದದ್ದು ಮನುಷ್ಯನಲ್ಲ; ಅವನು ಅಷ್ಟು ಹೊತ್ತು ಬೇರೆ ಕೆಲಸ ಮಾಡಬಹುದು. ಕಾಯಬೇಕಾದದ್ದು ಬ್ಯಾಟರಿ, ಅದನ್ನು ಕಾಯುವಂತೆ ಮಾಡುವವನು ಮನುಷ್ಯ. ಆದ್ದರಿಂದ ಪ್ರೇರಣಾರ್ಥಕ ರೂಪವೇ ಶುದ್ಧ. 'ಕಾಯಿಸಿ' ಎಂದು ತಿದ್ದಿ ಆ ಸಂಜೆ ಮನೆಗೆ ಹೋಗಿ ನೆಮ್ಮದಿಯಾಗಿ ಊಟ ಮಾಡಿದೆ.

ಬ್ಯಾಟರಿಗಳಿಗೆ ಗುರುತೂ ಇರಲಿಲ್ಲ. ಎಣಿಸಿದರೆ ಸರಿಯಾಗಿ ಹದಿಮೂರು. ಸ್ವರಗಳೂ ಹದಿಮೂರು. ಅ ಇಂದ ಔ ವರೆಗೆ ಬಿಳಿಯ ಬಣ್ಣದಲ್ಲಿ ಒಂದೊಂದಕ್ಕೆ ಒಂದೊಂದು ಅಕ್ಷರ ಬರೆದೆ. ಎರಡು ಚಾರ್ಜರುಗಳಿಗೆ ಅಂ, ಅಃ. ಯೋಗವಾಹಗಳು ಇನ್ನೊಂದು ಅಕ್ಷರದ ಜೊತೆ ಸೇರಿಯೇ ಕೆಲಸ ಮಾಡುವಂಥವು, ಚಾರ್ಜರುಗಳೂ ಹಾಗೆಯೇ. ಈ ಹೋಲಿಕೆಯನ್ನು ಮೆಚ್ಚುವವರು ಅಂಗಡಿಯಲ್ಲಿ ಯಾರೂ ಇರಲಿಲ್ಲ. ಮೇಸ್ತ್ರಿಗೆ ಋ ಎನ್ನಲು ಬಾರದು, 'ಆ ರೂ ಬ್ಯಾಟ್ರಿ' ಎನ್ನುತ್ತಿದ್ದರು.

ಮೇಸ್ತ್ರಿ ಎಂದರೆ ತಮ್ಮನ ಅಂಗಡಿಯ ಏಕೈಕ ಕೆಲಸಗಾರರು. ಐವತ್ತರ ಆಸುಪಾಸು. ಮೊದಲು ಸೈಕಲ್ ರಿಪೇರಿ ಮಾಡುತ್ತಿದ್ದವರು, ಹತ್ತು ವರ್ಷಗಳಿಂದ ಇಲ್ಲಿ. ಮನೆ ಅಜ್ಜಂಪುರದಲ್ಲಿ. ಅವರ ಹೆಂಡತಿಗೆ ಎರಡು ವರ್ಷಗಳಿಂದ ಕಣ್ಣು ಮಂಜಾಗುತ್ತ ಬಂದು, ಈಗ ಬೆಳಕು ನೆರಳು ಮಾತ್ರ ಕಾಣಿಸುತ್ತದೆ. ಬೆಳಗ್ಗೆ ಅಡುಗೆ ಮಾಡಿ, ತಟ್ಟೆ ಲೋಟಗಳನ್ನು ಆಕೆಯ ಕೈಗೆ ಗುರುತು ಸಿಗುವ ಜಾಗದಲ್ಲಿಟ್ಟು, ಬಸ್ಸು ಹಿಡಿದು ಕಡೂರಿಗೆ ಬರುತ್ತಿದ್ದರು. ಆ ವರ್ಷ ನನ್ನ ತಮ್ಮ ಅಜ್ಜಂಪುರದಲ್ಲಿ ಇನ್ನೊಂದು ಅಂಗಡಿ ತೆರೆಯುವವನಿದ್ದ. ಅದರ ಬೀಗದ ಕೈ ತನಗೇ ಸಿಗುತ್ತದೆಂಬುದು ಮೇಸ್ತ್ರಿಯ ಆಸೆ. ಆ ಮಳಿಗೆಯಿಂದ ಅವರ ಮನೆ ಕೂಗಳತೆಯಲ್ಲಿದೆ. "ಅವ್ಳು ಕರುದ್ರೆ ಕೇಳ್ತದೆ ಮೇಡಂ, ಅಷ್ಟು ಹತ್ರ" ಎಂದು ನನಗೆ ಎರಡು ಸಲ ಹೇಳಿದ್ದರು. ತಮ್ಮನ ಹೆಂಡತಿಯ ತಮ್ಮನಿಗೂ ಆ ಅಂಗಡಿಯ ಮೇಲೆ ಕಣ್ಣಿತ್ತು. "ಮೇಸ್ತ್ರಿ ಸರಿ ಅನ್ಸುತ್ತೆ. ಆದ್ರೂ ನೀನು ದಿನಾ ನೋಡ್ತೀಯಲ್ಲ ಅಕ್ಕ. ನೀನ್ ಹೂಂ ಅಂದ್ರೆ ಹೂಂ" ಎಂದು ತಮ್ಮ ನಿರ್ಧಾರವನ್ನು ನನಗೆ ಬಿಟ್ಟಿದ್ದ.

ಫಲಕ ಅಂಟಿಸಿದ ದಿನ ಮೇಸ್ತ್ರಿ ಅದರ ಮುಂದೆ ನಿಂತು, ಒಂದೊಂದು ಪದದ ಕೆಳಗೂ ಬೆರಳಿಟ್ಟು, ಏಳು ವಾಕ್ಯಗಳನ್ನೂ ಓದಿದರು. ಪ್ರಶ್ನೆ ಕೇಳಲಿಲ್ಲ. "ಆಯ್ತು ಮೇಡಂ. ನೀವ್ ಬರ್ದಂಗೆ" ಎಂದರು. ನನ್ನ ಅನುಭವದಲ್ಲಿ ಪ್ರಶ್ನೆಯನ್ನೇ ಕೇಳದ ವಿದ್ಯಾರ್ಥಿಗೆ ಒಂದೋ ಎಲ್ಲವೂ ತಿಳಿದಿರುತ್ತದೆ, ಇಲ್ಲವೇ ಅವನು ಏನನ್ನೋ ಮುಚ್ಚಿಡುತ್ತಿರುತ್ತಾನೆ. ಮೊದಲನೆಯ ಜಾತಿಯವರನ್ನು ನಾನು ಕಂಡದ್ದಿಲ್ಲ.

ಸಂಕ್ರಾಂತಿ ಕಳೆದು ಬಿಸಿಲು ಏರತೊಡಗಿದಂತೆ ಬ್ಯಾಟರಿಗಳು ಸೊರಗತೊಡಗಿದವು. ಮೊದಲು ಆ, ಆಮೇಲೆ ಓ. ಸಖರಾಯಪಟ್ಟಣದ ಒಬ್ಬ ಗಿರಾಕಿ ಡ್ರಿಲ್ಲು ತಂದು ಮೇಜಿನ ಮೇಲೆ ಕುಕ್ಕಿದ.

"ಏನ್ ಮೇಡಂ, ನಿಮ್ ಬ್ಯಾಟ್ರಿ ಎರಡು ತೂತಿಗೇ ಉಸ್ಸಪ್ಪಾ ಅಂತ ಕೂತ್ಕಂಬುಡ್ತು. ಮೂರ್ನೇದಕ್ಕೆ ನಾನೇ ಮೊಳೆ ಕಚ್ಕಂಡು ಸುತ್ತಿಗೇಲಿ ಹೊಡ್ದೆ!"

ಈ ಬ್ಯಾಟರಿಯ ಹೊಟ್ಟೆ ಉಬ್ಬಿತು. ಸರ್ವನಾಮವಲ್ಲ, ಅದರ ಹೆಸರೇ ಈ. ಯಾವ ಬ್ಯಾಟರಿ ಯಾವಾಗ ಸೊರಗಿತೆಂಬ ಪಟ್ಟಿಯನ್ನು ನಾನು ದಿನವೂ ಬರೆದೆ. ಪಟ್ಟಿ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತಿತ್ತು. ಹತ್ತು ವರ್ಷ ಇಂಥ ದೂರು ಇರಲಿಲ್ಲ ಎಂದು ತಮ್ಮನೇ ಹೇಳಿದ್ದ. ನಾನು ಬಂದ ಮೇಲೆಯೇ ಇದು ಶುರುವಾದದ್ದು. ಹಾಗಾದರೆ ನನ್ನನ್ನು ಈ ಕುರ್ಚಿಯಿಂದ ಎಬ್ಬಿಸಲು ಯಾರೋ ಬಯಸುತ್ತಿದ್ದಾರೆ ಎಂದಾಯಿತು. ಅಥವಾ ಅಜ್ಜಂಪುರಕ್ಕೆ ಹೋಗುವ ಮೊದಲು ಸಿಕ್ಕಿದಷ್ಟು ಬಾಚಿಕೊಳ್ಳುತ್ತಿದ್ದಾರೆ. ಎರಡರಲ್ಲಿ ಯಾವುದೆಂದು ತೀರ್ಮಾನವಾಗಿರಲಿಲ್ಲ, ಅಷ್ಟೆ.

ಆ ಬಿಸಿ ಬ್ಯಾಟರಿಗಳನ್ನು ಮುಟ್ಟಿ ನೋಡಿದ ದಿನ ನೇರವಾಗಿ ಕೇಳಿದೆ. "ಮಧ್ಯಾಹ್ನದ ಹೊತ್ತು ಎಲ್ಲಿಗೆ ಹೋಗುತ್ತೀರಿ ಮೇಸ್ತ್ರಿ?"

"ಎಲ್ಲಿಗೂ ಇಲ್ಲ ಮೇಡಂ. ಮ್ಯಾಲೇ ಇರ್ತೀನಿ. ನೀವ್ ಹೇಳಿದ್ ಕೆಲ್ಸನೇ ಮಾಡ್ತಾ ಇದ್ದೆ."

ನಾನು ಹೇಳಿದ ಕೆಲಸ! ಎಷ್ಟು ಧೈರ್ಯವಾಗಿ ಹೇಳಿದರು ಎಂದು ನನಗೆ ಮೈ ಉರಿಯಿತು. ಅಂಗಡಿಯ ಹಿಂದಿನಿಂದ ತಾರಸಿಗೆ ಒಂದು ಕಬ್ಬಿಣದ ಏಣಿಮೆಟ್ಟಿಲಿದೆ. ಮೊಣಕಾಲು ನೋವಿನ ನಾನು ಅದನ್ನು ಒಮ್ಮೆಯೂ ಹತ್ತಿರಲಿಲ್ಲ. ಇವಳು ಹತ್ತಲಾರಳು ಎಂಬ ಲೆಕ್ಕಾಚಾರದಿಂದಲೇ ಅವರು ಆ ಜಾಗವನ್ನು ಆರಿಸಿಕೊಂಡಿದ್ದಾರೆ ಎಂದುಕೊಂಡೆ.

ಸಾಕ್ಷಿ ಬೇಕಾಗಿತ್ತು. ಮರುದಿನ ಉಬ್ಬಿದ ಈ ಬ್ಯಾಟರಿಯನ್ನು ವ್ಯಾನಿಟಿ ಬ್ಯಾಗಿನಲ್ಲಿಟ್ಟುಕೊಂಡು, ಸಂತೆ ಮೈದಾನದ ಕಡೆಯ ಮೊಬೈಲ್ ರಿಪೇರಿಯ ಸಾಹೇಬರ ಬಳಿಗೆ ಹೋದೆ. ಅವರ ತಾತನ ಕಾಲದಲ್ಲಿ ಅದು ಗಡಿಯಾರದ ಅಂಗಡಿಯಾಗಿತ್ತು, ಈಗಲೂ ಗೋಡೆಯ ಮೇಲೆ ನಿಂತುಹೋದ ನಾಲ್ಕು ಗಡಿಯಾರಗಳಿವೆ. ಹಿಂದೆ ಕುಳಿತಿದ್ದ ಮಗನಿಗೆ ದಖ್ನಿಯಲ್ಲಿ ಏನೋ ಹೇಳಿ ಭೂತಗನ್ನಡಿ ತರಿಸಿಕೊಂಡು, ಬ್ಯಾಟರಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಒಳಗಿನ ಸೆಲ್ಲು ಬದಲಾಗಿದೆಯೇ ಹೇಳಿ" ಎಂದೆ.

"ಇಲ್ಲಾ ಟೀಚರಮ್ಮಾ. ಸ್ಕ್ರೂ ನೋಡಿ, ಕಂಪ್ನಿ ಬಣ್ಣ ಹಂಗೇ ಐತೆ. ಮದುವೆ ಆದಾಗಿಂದ ಮುಸುಕೇ ತೆಗ್ದಿಲ್ಲ ಇದು."

"ಬಿಚ್ಚಿ, ಮತ್ತೆ ಬಣ್ಣ ಹಾಕಿರಬಹುದಲ್ಲ?"

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನೀವು ಪೊಲೀಸ್ ಆಗ್ಬೇಕಿತ್ತು. ಇದು ಕದ್ದಿರೋದಲ್ಲಮ್ಮಾ, ಬೆಂದಿರೋದು. ಒಲೆ ಪಕ್ಕ ಏನಾರಾ ಇಟ್ಟಿದ್ರಾ? ಇದನ್ನ ಮನೇಲಿ ಇಟ್ಕೋಬೇಡಿ, ಚಾರ್ಜಿಗಂತೂ ಹಾಕ್ಲೇಬೇಡಿ. ಇಲ್ಲೇ ಬಿಡಿ, ಹಳೇ ಬ್ಯಾಟ್ರಿ ತಗೊಂಡೋಗೋರು ಬತ್ತಾರೆ, ಕೊಟ್ಕಳಿಸ್ತೀನಿ."

ಇಲ್ಲೇ ಬಿಡಿ ಎಂದದ್ದೇ ತಡ, ನನಗೆ ಎಲ್ಲವೂ ಹೊಳೆದಂತಾಯಿತು. ತೆಗೆದ ಸೆಲ್ಲುಗಳನ್ನು ಕೊಳ್ಳುವವರು ಯಾರೋ ಇರಲೇಬೇಕಲ್ಲ. ಬ್ಯಾಟರಿಯನ್ನು ಅವರ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡೇ ಬಂದು ಅಂಗಡಿಯ ನನ್ನ ಮೇಜಿನ ಡ್ರಾಯರಿನಲ್ಲಿ ಸಾಕ್ಷ್ಯವೆಂದು ಇಟ್ಟು ಬೀಗ ಹಾಕಿದೆ. ಅದರ ಕೆಳಗೆ ನಾನು ತಮ್ಮನಿಗೆಂದು ಬರೆದಿಟ್ಟಿದ್ದ ಎರಡು ಪುಟದ ಕಾಗದವಿತ್ತು. ತಲೆಬರಹ: 'ಮೇಸ್ತ್ರಿಯವರ ನಡವಳಿಕೆಯ ಕುರಿತು'. ಉಬ್ಬಿದ ಬ್ಯಾಟರಿಯನ್ನು ಏನು ಮಾಡಬೇಕೆಂಬ ನನ್ನದೇ ವಾಕ್ಯ ಎದುರಿನ ಗೋಡೆಯ ಮೇಲಿತ್ತು. ಆ ನಿಯಮ ಮೇಸ್ತ್ರಿಗೆಂದು ಬರೆದದ್ದು, ನನಗೆಂದಲ್ಲ.

ಶುಕ್ರವಾರ ಅಜ್ಜಂಪುರದ ಬೀಗದ ಕೈ ಕೊಡುವುದೆಂದು ತಮ್ಮ ನಿಶ್ಚಯಿಸಿದ್ದ. ಬುಧವಾರ ಬೆಳಗ್ಗೆ ಫೋನು ಮಾಡಿ, "ಮೇಸ್ತ್ರಿಗೆ ಕೊಡಬೇಡ. ಕಾರಣಗಳನ್ನು ಬರೆದು ಕೊಡುತ್ತೇನೆ" ಎಂದೆ.

"ಏನಕ್ಕಾ ಇದು, ಹತ್ತು ವರ್ಷದ ಮನುಷ್ಯ" ಎಂದು ಗೊಣಗಿ, "ಸರಿ, ನನ್ ಬಾಮೈದನಿಗೇ ಹೇಳ್ತೀನಿ" ಎಂದ.

ಅಂದೇ ಮಧ್ಯಾಹ್ನ, ಮೇಸ್ತ್ರಿ ಚೀಲ ಹಿಡಿದು ಹಿಂಬಾಗಿಲು ದಾಟಿದ ಮೇಲೆ ಇಪ್ಪತ್ತು ನಿಮಿಷ ಬಿಟ್ಟು ನಾನೂ ಏಣಿಮೆಟ್ಟಿಲು ಹತ್ತಿದೆ. ಕೈಗೆ ಸಿಕ್ಕಿದರೆ ಕಾಗದಕ್ಕೆ ಮೂರನೆಯ ಪುಟ ಸೇರುತ್ತದೆ ಎಂಬ ಉತ್ಸಾಹ. ಕಂಬಿ ಸುಡುತ್ತಿತ್ತು. ಸೆರಗಿನಿಂದ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಏರಿ ತಾರಸಿಗೆ ತಲೆ ಹಾಕಿದೆ.

ಬೆಸುಗೆಯ ಸಾಮಾನಿರಲಿಲ್ಲ, ಬೇರೆ ಮನುಷ್ಯರೂ ಇರಲಿಲ್ಲ. ನೀರಿನ ಟ್ಯಾಂಕಿನ ಗೇಣಗಲ ನೆರಳಿನಲ್ಲಿ ಮೇಸ್ತ್ರಿ ತಲೆಗೆ ಟವೆಲ್ ಹಾಕಿಕೊಂಡು, ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ಆಚೆ ಪಕ್ಕದ ಮನೆಯವರು ಟಾರ್ಪಾಲಿನ ಮೇಲೆ ಕೊಬ್ಬರಿ ಹೋಳುಗಳನ್ನು ಒಣಹಾಕಿದ್ದರು. ಅದರಿಂದ ಮೂರಡಿ ಈಚೆಗೆ, ಒಂದು ತಗಡಿನ ಮೇಲೆ, ಉರಿಬಿಸಿಲಿನಲ್ಲಿ, ಐದು ಬ್ಯಾಟರಿಗಳು ಸಾಲಾಗಿ ನಿಂತಿದ್ದವು. ಅ, ಇ, ಊ, ಋ, ಏ. ವರ್ಣಮಾಲೆಯ ಕ್ರಮ ತಪ್ಪಿರಲಿಲ್ಲ.

"ಏನು ಮಾಡುತ್ತಿದ್ದೀರಿ ಇಲ್ಲಿ?"

ಅವರು ಗಾಬರಿಯಾಗಲಿಲ್ಲ, ಎದ್ದು ನಿಂತರು. "ಕಾಯಿಸ್ತಾ ಇದೀನಿ ಮೇಡಂ."

"ಯಾರನ್ನು ಕಾಯಿಸುತ್ತಿದ್ದೀರಿ? ಎಲ್ಲಿದ್ದಾನೆ ಅವನು? ಕರೆಯಿರಿ."

"ಯಾರ್ನ ಅಂದ್ರೆ?" ಮೇಸ್ತ್ರಿ ಸುತ್ತ ನೋಡಿದರು. "ಇವುನ್ನೇ ಮೇಡಂ!" ಎಂದು ಬ್ಯಾಟರಿಗಳ ಕಡೆಗೆ ಕೈ ತೋರಿಸಿದರು. "ಅರ್ಧ ಗಂಟೆಗೆ ಇನ್ನೂ ಆರ್ ನಿಮಿಷ ಐತೆ."

ನಾನು ಬಾಯಿ ತೆರೆದದ್ದು ಇನ್ನೊಂದು ಪ್ರಶ್ನೆ ಕೇಳಲು. ಅಷ್ಟರಲ್ಲಿ ಕುಕ್ಕರಿನ ಸೀಟಿ ಏಳುವ ಮುಂಚೆ ಬರುವಂಥ ಒಂದು ಸುಯ್ ಸದ್ದು ತಗಡಿನ ಕಡೆಯಿಂದ ಬಂತು. ಋ ಬ್ಯಾಟರಿಯ ಸಂದಿಯಿಂದ ಬಿಳಿಯ ಹೊಗೆ ಸಣ್ಣಗೆ ಎದ್ದಿತು. ಹಿಂದಿನ ವಾರ ಯಾರೋ ಗಿರಾಕಿ ಅದನ್ನು ತೆಂಗಿನ ಮರದಿಂದ ಬೀಳಿಸಿ, ಮಣ್ಣೊರೆಸಿ, ಏನೂ ಆಗದವರಂತೆ ತಂದುಕೊಟ್ಟಿದ್ದರೆಂಬುದು ನಮಗೆ ತಿಳಿದದ್ದು ಆಮೇಲೆ.

"ಅಯ್ಯೋ, ರೂ ಬ್ಯಾಟ್ರಿ!" ಎನ್ನುತ್ತ ಮೇಸ್ತ್ರಿ ಅದನ್ನು ಎತ್ತಲು ಬರಿಗೈ ಚಾಚಿದರು.

"ಮುಟ್ಟಬೇಡಿ!" ಎಂದು ಕಿರುಚಿದೆ. ಆ ಕಿರುಚಿಗೆ ಇಪ್ಪತ್ತೆರಡು ವರ್ಷದ ತರಗತಿಯ ಬಲವಿತ್ತು; ಅವರು ಕೈ ಹಿಂತೆಗೆದರು.

"ಹಾಳಾದ್ರೆ ಸಾಹುಕಾರ್ರು ಏನಂತಾರೆ ಮೇಡಂ, ಶುಕ್ರವಾರ ಬ್ಯಾರೆ ಕೀ ಕೊಡೋದೈತೆ..."

"ಹಾಳಾಗಲಿ! ಹೊಗೆ ಕುಡಿಯಬೇಡಿ, ಹಿಂದಕ್ಕೆ ಬನ್ನಿ!"

ಫಟ್ಟೆಂದು ಸಿಡಿದು ಒಂದು ಗೇಣು ಉರಿ ಎದ್ದಿತು. ಕೊಬ್ಬರಿಗೆ ಕಿಡಿ ತಾಗಿದರೆ ಎಣ್ಣೆ ಸುರಿದಂತೆಯೇ. ನಾನು ಟಾರ್ಪಾಲಿನ ತುದಿ ಹಿಡಿದು, ಮೊಣಕಾಲಿನ ಹಂಗಿಲ್ಲದೆ, ಕೊಬ್ಬರಿಸಮೇತ ಹಿಂದಕ್ಕೆ ಎಳೆದೆ. ತಿರುಗಿ ನೋಡುವಷ್ಟರಲ್ಲಿ ಮೇಸ್ತ್ರಿ ಟ್ಯಾಂಕಿನ ಹಿಂದಿನಿಂದ ಒಂದು ಬಕೆಟ್ ತಂದು ಉರಿಯ ಮೇಲೆ ಮರಳು ಸುರಿಯುತ್ತಿದ್ದರು. ಆಮೇಲೆ ಉಳಿದ ನಾಲ್ಕನ್ನು ಅಲ್ಲೇ ಬಿದ್ದಿದ್ದ ತೆಂಗಿನಗರಿಯ ದಿಂಡಿನಿಂದ ದೂರದೂರಕ್ಕೆ ತಳ್ಳಿದರು. ಮರಳಿನೊಳಗಿಂದ ಇನ್ನೂ ಎರಡು ಸಲ ಸದ್ದು ಬಂತು. ನಾವು ಗಾಳಿ ಬರುವ ಕಡೆಯ ಮೂಲೆಯಲ್ಲಿ ನಿಂತು ನೋಡುತ್ತಿದ್ದೆವು.

"ಮರಳು ಇಲ್ಲಿಗೆ ಹೇಗೆ ಬಂತು?" ಎಂದೆ, ಉಸಿರು ಹಿಡಿತಕ್ಕೆ ಬಂದ ಮೇಲೆ.

"ನೀವೇ ಬರ್ದಿದ್ರಲ್ಲ, ಬ್ಯಾಟ್ರಿ ಇರೋ ಕಡೆಯೆಲ್ಲ ಒಂದ್ ಬಕೆಟ್ ಇರ್ಲಿ ಅಂತ. ಕೆಳ್ಗೊಂದು, ಮ್ಯಾಲೊಂದು ಮಡಗಿದೀನಿ."

"ಬಿಸಿಲಿಗೆ ಇಡಿ ಎಂದು ಎಲ್ಲಿ ಬರೆದಿದ್ದೇನೆ?"

"ಕಾಯ್ಸಿ ಅಂತ ಬರ್ದಿಲ್ವಾ? ಅರ್ಧ ಗಂಟೆ ಕಾಯ್ಸಿ. ಕೆಂಪ್ ಲೈಟ್ ಮಿಣುಕುದ್ರೆ ಇನ್ನಷ್ಟ್ ಕಾಯ್ಸಿ. ದಿನಾ ಮಿಣುಕ್ತದೆ ಮೇಡಂ, ಎಷ್ಟ್ ಕಾಯ್ಸುದ್ರೂ ಮಿಣುಕ್ತದೆ. ಮತ್ತೆ ತಂದು ಕಾಯಿಸ್ತೀನಿ."

ಚಾರ್ಜರಿನ ಆ ದೀಪ ಬ್ಯಾಟರಿ ವಿಪರೀತ ಬಿಸಿಯಾಗಿದೆ, ತಡೆಯಿರಿ ಎಂದು ಹೇಳುವ ದೀಪ. ಅದು ಹೇಳಿದಷ್ಟೂ ಇವರು ಬಿಸಿಲಿಗೆ ಇಟ್ಟಿದ್ದಾರೆ.

"ಕಾಯಿಸಿ ಎಂದರೆ ಕಾಯುವಂತೆ ಮಾಡಿ ಎಂದು ಮೇಸ್ತ್ರಿ. ಸುಮ್ಮನೆ ಇರಗೊಡಿ ಎಂದು. ಅದು ಪ್ರೇರಣಾರ್ಥಕ" ಎಂದೆ. ಹೇಳುವಾಗಲೇ ನನ್ನ ದನಿ ಇಳಿಯಿತು.

ಅವರು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ನಿಜವಾದ ಕುತೂಹಲವಿತ್ತು. "ಹಾಲ್ ಕಾಯ್ಸಿ ಅಂದ್ರೆ ಹಾಲ್ನ ಬಸ್‌ಸ್ಟಾಂಡ್‌ನಾಗೆ ನಿಲ್ಲಿಸ್ತಾರಾ ಮೇಡಂ?"

ನಾನು ಸೆರಗಿನಿಂದ ಮುಖದ ಬೆವರು ಒರೆಸಿಕೊಂಡೆ.

"ನನ್ಗೂ ಒಂಥರಾ ಅನ್ನಿಸ್ತು. ಆದ್ರೆ ನಮ್ಮಪ್ಪ ಟಾರ್ಚ್ ಸೆಲ್ಲು ವೀಕ್ ಆದ್ರೆ ಹಿಂಗೇ ಬಿಸ್ಲಿಗೆ ಇಕ್ತಿದ್ದ. ಇದೂ ಸೆಲ್ಲೇ ಅಲ್ವಾ. ಓದ್ದೋರು ಬರ್ದವ್ರೆ, ಒಂದಕ್ಷರ ತಪ್ಪಿರಲ್ಲ ಅಂತ ಸುಮ್ಕಾದೆ."

ಟಾರ್ಚಿನ ಸೆಲ್ಲುಗಳನ್ನು ನಮ್ಮ ಮನೆಯಲ್ಲೂ ಹಂಚಿನ ಮೇಲೆ ಒಣಗಿಸುತ್ತಿದ್ದರು. ಅವನ್ನು ಇಳಿಸಿ ತರುವುದು ನನ್ನ ಕೆಲಸವಾಗಿತ್ತು. ಆ ಊರಿನ, ಆ ವಯಸ್ಸಿನ ಯಾರ ಕೈಗೆ ನನ್ನ ಫಲಕವನ್ನು ಕೊಟ್ಟಿದ್ದರೂ ಅವರು ಬಿಸಿಲನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ಒಂದಕ್ಷರವೂ ತಪ್ಪಿರಲಿಲ್ಲ ಎಂಬುದು ನಿಜ. ಅದೇ ತೊಂದರೆಯಾಗಿತ್ತು.

ಆಗ ನನಗೆ ಡ್ರಾಯರು ನೆನಪಾಯಿತು. ಎಣ್ಣೆಬಣ್ಣ ಬಳಿದ ಒಣ ಮರದ ಮೇಜು, ಬೀಗ ಹಾಕಿದ ಪೆಟ್ಟಿಗೆ, ಕಾಗದಗಳ ನಡುವೆ ಹೊಟ್ಟೆ ಉಬ್ಬಿಸಿಕೊಂಡ ಈ. ಹತ್ತಿದ್ದಕ್ಕಿಂತ ಬೇಗ ಇಳಿದೆ. ಮರಳಿನ ಮೇಲೆ ಒಂದೆರಡು ಬಕೆಟ್ ನೀರು ಹೊಯ್ದು ಮೇಸ್ತ್ರಿಯೂ ಬಂದರು. ನಾನು ಬೀಗ ತೆಗೆದೆ, ಅವರು ಉದ್ದದ ಇಕ್ಕುಳದಿಂದ ಈ ಬ್ಯಾಟರಿಯನ್ನು ಎತ್ತಿ, ಕೆಳಗಿನ ಮರಳಿನ ಬಕೆಟ್ಟಿನಲ್ಲಿಟ್ಟು ಹೊರಗೆ ಖಾಲಿ ಜಾಗಕ್ಕೆ ಒಯ್ದರು. ಒಳಗೆ ಬಂದವರ ಕಣ್ಣು ತೆರೆದ ಡ್ರಾಯರಿನ ಮೇಲೆ ಬಿತ್ತು. ನಾನು ಕಾಗದವನ್ನು ಮುಚ್ಚಲು ಕೈ ಚಾಚಿದೆ, ಆದರೆ ಮುಚ್ಚಲಿಲ್ಲ. ಅವರು ಎಂದಿನಂತೆ ಬೆರಳಿಟ್ಟು ತಲೆಬರಹವನ್ನು ಓದಿದರು. ಅನಂತರ ಮೊದಲ ಪುಟ. ನನ್ನ ದುಂಡಕ್ಷರವನ್ನು ಓದುವುದು ಎಷ್ಟು ಸುಲಭವೆಂದು ನಾನು ಅಂದು ನೋಡಿದೆ.

"ನಡವಳಿಕೆ ಅಂದ್ರೆ ಒಂದೇ ಅರ್ಥನಾ ಮೇಡಂ," ಎಂದರು ಕೊನೆಗೆ, "ಇಲ್ಲಾ ಇದ್ಕೂ ಎಲ್ಡೈತಾ?"

ಎರಡನೆಯ ಪುಟವನ್ನು ಅವರು ಓದಲಿಲ್ಲ. ಬಸ್ಸಿನ ಹೊತ್ತಾಗಿರಲಿಲ್ಲ, ಆದರೂ ಟವೆಲ್ ಕೊಡವಿಕೊಂಡು ಹೊರಟುಹೋದರು.

ಸಂಜೆ ತಮ್ಮನ ಮನೆಗೆ ಹೋಗಿ ನಡೆದದ್ದನ್ನು ಆದಿಯಿಂದ ಹೇಳಿದೆ. ಅವನು ಫಲಕದ ವಾಕ್ಯವನ್ನು ಎರಡು ಸಲ ಹೇಳಿಸಿಕೊಂಡು ಬಿದ್ದು ಬಿದ್ದು ನಕ್ಕ.

"ನೀನು ತಪ್ಪು ಬರ್ದೆ ಅಂತ ನೀನೇ ಹೇಳ್ತಿದೀಯಾ? ಒಂದ್ ಹಾಳೇಲಿ ಬರ್ದ್ಕೊಡು ಅಕ್ಕ, ಫ್ರೇಮ್ ಹಾಕಿಸ್ತೀನಿ."

"ತಪ್ಪು ಬರೆಯಲಿಲ್ಲ. ಎರಡು ಅರ್ಥ ಬರುವ ಹಾಗೆ ಬರೆದೆ."

"ಬ್ಯಾಟ್ರಿಗೆ ಅದೆಲ್ಲಾ ಗೊತ್ತಾ?" ಎಂದವನು ನಗು ನಿಲ್ಲಿಸಿದ. "ಬಾಮೈದನಿಗೆ ಆಗ್ಲೇ ಮಾತು ಕೊಟ್ಟಾಯ್ತು. ಮನೇಲಿ ಇವಳಿಗೆ ಏನ್ ಹೇಳ್ಲಿ?"

"ನನ್ನ ಹೆಸರು ಹೇಳು. ಅಕ್ಕನಿಗೆ ಕನ್ನಡ ಬಾರದು ಎಂದು ಹೇಳು" ಎಂದೆ. ಆ ವಾಕ್ಯ ನನ್ನ ಬಾಯಿಂದ ಬಂದದ್ದನ್ನು ಕೇಳಿ ಅಡುಗೆಮನೆಯಲ್ಲಿದ್ದ ನಾದಿನಿಯೇ ಹೊರಗೆ ಬಂದಳು. ಅವಳ ತಮ್ಮನಿಗೆ ನಾನೇ ಅಲ್ಲಿಂದಲೇ ಫೋನು ಮಾಡಿದೆ. ಅವನು ಇಂದಿಗೂ ನನ್ನೊಡನೆ ಸರಿಯಾಗಿ ಮಾತನಾಡುವುದಿಲ್ಲ.

ಗುರುವಾರ ಮೇಸ್ತ್ರಿ ಬರಲಿಲ್ಲ. ಶುಕ್ರವಾರ ಬೀಗದ ಕೈ ತೆಗೆದುಕೊಂಡು ತಮ್ಮ ಅಜ್ಜಂಪುರಕ್ಕೆ ಹೊರಟಾಗ ನಾನೂ ಕಾರಿನಲ್ಲಿ ಕುಳಿತೆ, ತೊಡೆಯ ಮೇಲೆ ಹೊಸ ಫಲಕ. ಮೇಸ್ತ್ರಿ ಮನೆಯ ಮುಂದೆ ನಿಂತಿದ್ದರು. ಅವರ ಹೆಂಡತಿ ಒಳಬಾಗಿಲಿನಲ್ಲಿ ಕುಳಿತು ಅವರೆಕಾಳು ಬಿಡಿಸುತ್ತಿದ್ದರು, ಕಣ್ಣು ಒಂದು ಕಡೆ, ಬೆರಳು ಒಂದು ಕಡೆ. ತಮ್ಮ ಚಾಚಿದ ಬೀಗದ ಕೈಯನ್ನು ಮೇಸ್ತ್ರಿ ಕೂಡಲೇ ತೆಗೆದುಕೊಳ್ಳಲಿಲ್ಲ. ನನ್ನ ತೊಡೆಯ ಮೇಲಿದ್ದದ್ದನ್ನು ನೋಡಿದರು.

"ಮೊದ್ಲು ಅದ್ನ ಕೊಡಿ ಮೇಡಂ. ಇವ್ಳಿಗೆ ಓದಿ ಹೇಳ್ತೀನಿ. ಇವ್ಳಿಗೆ ಏನ್ ತಿಳೀತದೋ ಅದೇ ಸರಿ."

ಎರಡನೆಯ ವಾಕ್ಯದಿಂದ 'ಕಾಯಿಸಿ' ಹೋಗಿತ್ತು. ಅದರ ಜಾಗದಲ್ಲಿ ನಾನು 'ಅರ್ಧ ಗಂಟೆ ಆರಿಸಿ' ಎಂದು ಬರೆದಿದ್ದೆ, ಬಿಸಿ ಆರುವಂತೆ ಮಾಡಿ ಎಂಬ ಅರ್ಥದಲ್ಲಿ. ಮೇಸ್ತ್ರಿ ಗಟ್ಟಿಯಾಗಿ ಓದಿದರು.

ಆಕೆಯ ಬೆರಳು ನಿಂತಿತು. "ಆರ್ಸೋದಾ? ಹಗ್ಗದ್ ಮ್ಯಾಲಾ?"

ತಮ್ಮ ಬೇರೆ ಕಡೆ ಮುಖ ತಿರುಗಿಸಿ ಕೆಮ್ಮಿದ.

"ನೋಡುದ್ರಾ," ಎಂದರು ಮೇಸ್ತ್ರಿ. "ಬಟ್ಟೇನೂ ಆರಿಸ್ತಾರೆ, ದೀಪಾನೂ ಆರಿಸ್ತಾರೆ, ಬದ್ನೇಕಾಯೂ ಆರಿಸ್ತಾರೆ. ನಾನು ಮತ್ತೆ ಬಿಸ್ಲಿಗೇ ಹೋಗ್ಬೇಕಾಗಿತ್ತು."

ಅವರ ಮನೆಯ ಜಗಲಿಯ ಮೇಲೆ ಕುಳಿತು ಹೊಸದಾಗಿ ಬರೆದೆ. ನಾನು ಒಂದು ಪದ ಹೇಳುವುದು, ಮೇಸ್ತ್ರಿ ಅದನ್ನು ತಿರುಗಿಸಿ ಮುರುಗಿಸಿ ನೋಡುವುದು, ಆಕೆ ಕೇಳಿಸಿಕೊಂಡು ತಲೆಯಾಡಿಸುವುದು ಅಥವಾ ಆಡಿಸದಿರುವುದು. 'ಶೀತಲೀಕರಿಸಿ' ಎಂದಾಗ ಆಕೆ ಮತ್ತೆ ಅವರೆಕಾಳು ಬಿಡಿಸತೊಡಗಿದರು. ಕೊನೆಗೆ ನಿಂತದ್ದು ಇದು: 'ಕೆಲಸದಿಂದ ಬಂದ ಬ್ಯಾಟರಿಯನ್ನು ನೆರಳಿನಲ್ಲಿ ಇಡಿ. ಮುಟ್ಟಿದರೆ ತಣ್ಣಗಿರಬೇಕು. ಆಮೇಲೆ ಚಾರ್ಜಿಗೆ ಹಾಕಿ.' 'ಅನಂತರ' ಎಂಬುದನ್ನೂ ಅವರು ಒಪ್ಪಲಿಲ್ಲ.

"ಹೂಂ," ಎಂದರು ಆಕೆ, "ಇದಾದ್ರೆ ಕೈಗೇ ಗೊತ್ತಾಗ್ತದೆ."

ಆಗ ಮೇಸ್ತ್ರಿ ತಮ್ಮನಿಂದ ಬೀಗದ ಕೈಯನ್ನು ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿ, ಫಲಕವನ್ನು ಎತ್ತಿಕೊಂಡು ಮಳಿಗೆಗೆ ನಡೆದರು. ಹಿಂದೆಯೇ ನಾವು. ಒಳಗಿನ ಗೋಡೆಗೆ ಫಲಕ ಒತ್ತಿಹಿಡಿದು ಮೇಲಿನ ಮೂಲೆಗೆ ಒಂದು ಮೊಳೆ ಹೊಡೆದರು. ಎರಡನೆಯ ಮೊಳೆಯನ್ನು ತುಟಿಯ ನಡುವೆಯೇ ಇಟ್ಟುಕೊಂಡು, ಸುತ್ತಿಗೆಯನ್ನು ಕೆಳಗಿಳಿಸಿ, ಮೊದಲ ವಾಕ್ಯದಿಂದ ಮತ್ತೆ ಬೆರಳಿಟ್ಟು ಓದತೊಡಗಿದರು.